ಎರವಲು ಸ್ವರದ ಅತ್ತೆ

ಕಲ್ಲಡ್ಕದ ಒಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಪಕ್ಕದ ಮೇಜಿನಿಂದ ನನ್ನದೇ ಪ್ರಾಯದ ಹೆಂಗಸೊಬ್ಬರು ಎದ್ದು ಬಂದು ಎದುರು ನಿಂತರು. ನಮಸ್ಕಾರ ಇಲ್ಲ, ನಗು ಇಲ್ಲ. "ನಿಮಗೆ ಆ ಹುಡುಗಿಯನ್ನು ಕಂಡರೆ ಎಂತಕ್ಕೆ ಆಗುವುದಿಲ್ಲ?" ಎಂದು ಕೇಳಿದರು. ಆ ಹುಡುಗಿ ಎಂದರೆ ನನ್ನ ಸೊಸೆ. ನನ್ನ ಸೊಸೆ ಎಂದರೆ, ವಾರಕ್ಕೆ ಆರು ದಿನ ಸಂಜೆ ಏಳು ಗಂಟೆಗೆ ಟಿವಿಯಲ್ಲಿ ಬರುತ್ತಿದ್ದ ಧಾರಾವಾಹಿಯ ಸೊಸೆ. ಅದರಲ್ಲಿ ನಾನು ಏಳು ವರ್ಷ ಅತ್ತೆಯಾಗಿದ್ದೆ. ಸ್ವಂತಕ್ಕೆ ಮಕ್ಕಳೇ ಇಲ್ಲದ ನನಗೆ ಬೇರೆ ಸೊಸೆ ಎಲ್ಲಿಂದ ಬರಬೇಕು?

ಅತ್ತೆಯ ವೇಷ ಹಾಕಿದವಳಿಗೆ ಬೈಗುಳ ಅಭ್ಯಾಸವಾಗಿಬಿಡುತ್ತದೆ. ನಾನು ನಕ್ಕು, "ಕಥೆ ಬರೆಯುವವರು ಹಾಗೆ ಬರೆಯುತ್ತಾರೆ ಅಕ್ಕ, ನಾನೇನು ಮಾಡಲಿ" ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ತಮ್ಮ ಮೇಜಿನ ಕಡೆ ತಿರುಗಿ, "ಇವರು ಅವರಲ್ಲ ಮಾರಾಯ್ತಿ. ಸ್ವರ ಬೇರೆ ಉಂಟು" ಎಂದರು. ಅಲ್ಲಿಗೆ ನನ್ನ ಏಳು ವರ್ಷದ ಪ್ರಸಿದ್ಧಿ ಮುಗಿಯಿತು. ಚಹಾ ಮಾತ್ರ ಚೆನ್ನಾಗಿತ್ತು.

ಅವರ ತಪ್ಪಿಲ್ಲ. ಪರದೆಯ ಮೇಲಿನ ಮುಖ ನನ್ನದು, ಹುಬ್ಬು ನನ್ನದು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸುವ ರೀತಿಯೂ ನನ್ನದು. ಮಾತು ಮಾತ್ರ ಬೇರೊಬ್ಬರದು. ನಮ್ಮ ಕಸುಬಿನಲ್ಲಿ ಅದಕ್ಕೆ ಕಂಠದಾನ ಎನ್ನುತ್ತಾರೆ. ದಾನ ಕೊಡುವವರ ಹೆಸರು ಸಂಚಿಕೆಯ ಕೊನೆಗೆ ಓಡುವ ಅಕ್ಷರಗಳಲ್ಲಿ ಬರುತ್ತದೆ, ಅದನ್ನು ಓದುವಷ್ಟರಲ್ಲಿ ಜಾಹೀರಾತು ಶುರುವಾಗಿರುತ್ತದೆ. ದಾನ ತೆಗೆದುಕೊಂಡವಳು ಏಳು ವರ್ಷ ಬಾಯಿ ಆಡಿಸುತ್ತ ಇರಬೇಕು. ನನಗೆ ಇದರಿಂದ ದೊಡ್ಡ ಬೇಸರವೇನೂ ಇರಲಿಲ್ಲ, ನನ್ನ ಅಮ್ಮನ ಕಣ್ಣು ಹೋಗುವವರೆಗೆ.

ನಾನು ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನಲ್ಲಿ, ಕಕ್ಕಿಂಜೆಯಿಂದ ಸ್ವಲ್ಪ ಒಳಗೆ. ಅಪ್ಪ ಬೇಗ ತೀರಿಕೊಂಡರು. ಅಮ್ಮ ಬೀಡಿ ಕಟ್ಟಿ ನನ್ನನ್ನೂ ತಂಗಿಯನ್ನೂ ಸಾಕಿದಳು. ಮಡಿಲಲ್ಲಿ ತಡ್ಪೆ ಎನ್ನುವ ಮೊರ, ಅದರೊಳಗೆ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ಬೆರಳಿಗೆ ಸುತ್ತಿದ ನೂಲು. ಕೈಗೂ ಕಣ್ಣಿಗೂ ಬಿಡುವಿಲ್ಲದ ಕೆಲಸ ಅದು. ಬಿಡುವಿದ್ದದ್ದು ಕಿವಿಗೆ ಮಾತ್ರ. ಹಾಗಾಗಿ ಅಮ್ಮ ಬದುಕಿದ್ದೇ ಕಿವಿಯಲ್ಲಿ ಎನ್ನಬೇಕು. ಕಿಟಕಿಯ ದಂಡೆಯ ಮೇಲೆ ರೇಡಿಯೊ ಇತ್ತು. ನಾಟಕ ಬರುವ ದಿನ ಅಕ್ಕಪಕ್ಕದ ನಾಲ್ಕು ಹೆಂಗಸರು ತಡ್ಪೆ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ನಾಟಕ ಶುರುವಾದ ಎರಡೇ ನಿಮಿಷಕ್ಕೆ ಅಮ್ಮ ತಲೆ ಎತ್ತದೆ ಹೇಳುತ್ತಿದ್ದಳು, "ಇವಳು ಹೋದ ತಿಂಗಳು ರಾಣಿ ಆದವಳು. ಈಗ ಮುದುಕಿ ಮಾಡ್ತಾಳೆ. ಪಾಪ, ಅವಳಿಗೆ ಶೀತ ಉಂಟು." ಕೊನೆಯಲ್ಲಿ ಕಲಾವಿದರ ಹೆಸರು ಹೇಳಿದಾಗ ನೋಡಿದರೆ ಅಮ್ಮ ಹೇಳಿದ್ದು ಸರಿ ಇರುತ್ತಿತ್ತು. ಶೀತದ ವಿಷಯ ಮಾತ್ರ ಯಾರೂ ಖಚಿತಪಡಿಸಲಿಲ್ಲ.

ನನಗೆ ನಾಟಕದ ಹುಚ್ಚು ಹಿಡಿದದ್ದು ಆ ಜಗಲಿಯಲ್ಲೇ. ಬೆಳ್ತಂಗಡಿಯಲ್ಲಿ ಟೈಪಿಂಗ್ ಕಲಿತು ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಊರಿನ ತುಳು ನಾಟಕ ತಂಡ ಸೇರಿದೆ. ಆಗ ತಂಡದಲ್ಲಿ ಹೆಣ್ಣು ಪಾತ್ರಕ್ಕೆ ಹೆಣ್ಣೇ ಸಿಗುವುದು ಕಷ್ಟ, ಆದ್ದರಿಂದ ನನ್ನ ಅಭಿನಯದ ಬಗ್ಗೆ ಯಾರೂ ಹೆಚ್ಚು ವಿಚಾರಿಸಲಿಲ್ಲ. ಅಮ್ಮ ನಮ್ಮ ತಾಲೂಕಿನಲ್ಲಿ ಆದ ನಾಟಕಗಳಿಗೆಲ್ಲ ಬಂದಳು. ಹಿಂದಿನ ಸಾಲಿನಲ್ಲಿ ಕೂತು, ಕಣ್ಣು ಮುಚ್ಚಿ ಕೇಳುತ್ತಿದ್ದಳಂತೆ. ನಿದ್ದೆ ಬಂತೇ ಎಂದು ಯಾರೋ ಕೇಳಿದ್ದಕ್ಕೆ, "ಕಣ್ಣು ಬಿಟ್ಟರೆ ನನ್ನ ಮಗಳು ಕಾಣ್ತಾಳೆ, ಮುಚ್ಚಿದರೆ ನಾಟಕದವಳು ಕಾಣ್ತಾಳೆ" ಎಂದಿದ್ದಳು. ಇದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಇವತ್ತಿನವರೆಗೆ ಬಂದಿಲ್ಲ.

ಮದುವೆಯಾಗಿ ಬೆಂಗಳೂರಿಗೆ ಹೋದೆ. ಗಂಡ ಅಲ್ಲಿ ನಮ್ಮ ಕಡೆಯವರ ಹೋಟೆಲೊಂದರ ಮ್ಯಾನೇಜರ್. ನಾನು ಅಡುಗೆಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ನಡುವಯಸ್ಸು ದಾಟಿದ ಮೇಲೆ ಒಂದು ದಿನ ಹಿಂಬಾಗಿಲಲ್ಲಿ ನಿಂತು, ಬಾಡಿದ ಬಸಳೆ ತಂದ ತರಕಾರಿಯವನಿಗೆ ಜೋರು ಮಾಡುತ್ತಿದ್ದೆ. ಅವನು ನಮ್ಮ ಬಂಟ್ವಾಳ ಕಡೆಯವನು, ನಾನು ಬೈದದ್ದು ಅವನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಊಟ ಮುಗಿಸಿ ಕೈ ತೊಳೆಯಲು ಬಂದ ಒಬ್ಬ ನಿರ್ದೇಶಕರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೂ ಅವರು ಅಲ್ಲಿಂದ ಕದಲಲಿಲ್ಲ. ಆಮೇಲೆ ನನ್ನ ಗಂಡನ ಹತ್ತಿರ ಹೋಗಿ, "ಸಾರ್, ಅವರ ಹುಬ್ಬು ನೋಡಿದ್ರಾ? ನನಗೆ ಆ ಹುಬ್ಬು ಬೇಕು" ಎಂದರಂತೆ. ಗಂಡ ಮೊದಲು ಗಾಬರಿಯಾಗಿ, ಆಮೇಲೆ ನಕ್ಕು, "ಕೇಳಿ ನೋಡಿ, ನನಗೆ ಧೈರ್ಯ ಇಲ್ಲ" ಎಂದರಂತೆ. ಹೀಗೆ ನಾನು ಅತ್ತೆಯಾದೆ. ಬಸಳೆ ವಾಪಸು ಹೋಯಿತು.

ಮೊದಲ ದಿನವೇ ಎಡವಟ್ಟಾಯಿತು. ಮಧ್ಯಾಹ್ನ ಸೊಸೆಯ ಪಾತ್ರದ ಹುಡುಗಿಗೆ, "ಬನ್ನಿ, ಊಟ ಮಾಡುವ" ಎಂದೆ. ಅವಳು ವಿನಯದಿಂದ ನಿಂತೇ ಇದ್ದಳು. ಸ್ವಲ್ಪ ಹೊತ್ತು ಕಾದು, "ಊಟ ಮಾಡುವ... ಯಾರು ಮೇಡಂ?" ಎಂದು ಕೇಳಿದಳು. ನಮ್ಮಲ್ಲಿ ಮಾಡುವ ಎಂದರೆ ಮಾಡೋಣ ಎಂದು ಅರ್ಥ ಎಂದು ನಾನು ವಿವರಿಸುವಷ್ಟರಲ್ಲಿ ಸೆಟ್ಟಿನ ತುಂಬ ಸುದ್ದಿಯಾಗಿತ್ತು. ಮರುದಿನದಿಂದ ಸಹಾಯಕ ನಿರ್ದೇಶಕ, "ಲೈಟ್ ಹಾಕುವ, ಟೇಕ್ ತಗೊಳ್ಳುವ" ಎಂದು ಶುರುಮಾಡಿದ. ನಾನೂ ನಕ್ಕೆ. ನಗದೆ ಇದ್ದರೆ ಇನ್ನೂ ಹೆಚ್ಚು ಮಾಡುತ್ತಾರೆ ಎಂಬುದು ಶಾಲೆಯಲ್ಲೇ ಕಲಿತ ಪಾಠ. ಒಳಗೆ ಮಾತ್ರ ಉರಿಯುತ್ತಿತ್ತು.

ಮಾತು ತಿದ್ದಲು ನೋಡಿದೆ. ದೃಶ್ಯ ಸಣ್ಣದಿದ್ದರೆ ನಿಭಾಯಿಸುತ್ತಿದ್ದೆ, ಸಿಟ್ಟು ಬರುವ ದೃಶ್ಯದಲ್ಲಿ ನಾಲಿಗೆ ಊರಿಗೆ ಓಡುತ್ತಿತ್ತು. ಒಮ್ಮೆ ಇಡೀ ಕುಟುಂಬದ ಎದುರು ಕಾಗದ ಎತ್ತಿ ಹಿಡಿದು, "ನನ್ನ ಹತ್ರ ಸಾಕ್ಷಿ ಇದೆ" ಎಂದು ಗುಡುಗಬೇಕಿತ್ತು. ನಾನು ಗುಡುಗಿದ್ದು, "ಸಾಕ್ಷಿ ಉಂಟು." ಅಳುತ್ತಿದ್ದ ಸೊಸೆ ನಕ್ಕಳು, ಸತ್ತಂತೆ ಮಲಗಿದ್ದ ಮಾವನೂ ನಕ್ಕರು. ನಿರ್ದೇಶಕರು ಒಳ್ಳೆಯವರು, ಬಳಿಗೆ ಬಂದು ಮೆಲ್ಲಗೆ ಹೇಳಿದರು. "ಅಮ್ಮ, ನೀವು ಮುಖದಲ್ಲಿ ಕೊಡೋದನ್ನ ಬೇರೆ ಯಾರೂ ಕೊಡಲ್ಲ. ಮಾತನ್ನ ನಾವು ಹಾಕ್ಕೋತೀವಿ ಬಿಡಿ." ಅವರು ಹಾಕಿಕೊಂಡರು. ಮೈಸೂರಿನ ಕಡೆಯ ಒಬ್ಬರು, ನನಗಿಂತ ಹತ್ತು ವರ್ಷ ಚಿಕ್ಕವರು, ಕತ್ತಲೆ ಕೋಣೆಯಲ್ಲಿ ನನ್ನ ಬಾಯಿ ನೋಡುತ್ತ ನನಗೆ ಸ್ವರ ಕೊಡತೊಡಗಿದರು. ಅವರು ನನಗಾಗಿ ಆಡಿದ ಮೊದಲ ಮಾತು, "ಈ ಮನೇಲಿ ನಡೆಯೋದು ನನ್ನ ಮಾತು ಮಾತ್ರ."

ಕುಣಿಯಲಾರದವಳು ನೆಲ ಡೊಂಕು ಎನ್ನಬಾರದು. ನಾನು ಆ ವ್ಯವಸ್ಥೆಗೆ ಒಗ್ಗಿಕೊಂಡೆ. ಅಷ್ಟೇ ಏಕೆ, ಆರಾಮವಾಯಿತು. ಮಾತು ಮರೆತರೂ ಬಾಯಿ ಆಡಿಸಿದರೆ ಸಾಕು. ಕೆಲವೊಮ್ಮೆ ಬೇಕೆಂದೇ ತುಳುವಿನಲ್ಲಿ ಬೈದುಬಿಡುತ್ತಿದ್ದೆ, ಸೊಸೆ ಗಂಭೀರವಾಗಿ ಕಣ್ಣೀರು ಹಾಕುತ್ತಿದ್ದಳು. ಮೈಸೂರಿನವರು ಆಮೇಲೆ ಆ ಬಾಯಿಗೆ ಹೊಂದುವ ಕನ್ನಡ ಹುಡುಕಲು ಒದ್ದಾಡಿ, "ಏನು ಹೇಳಿದ್ರಿ ಅಕ್ಕಾ ಇಲ್ಲಿ?" ಎಂದು ಫೋನ್ ಮಾಡುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಹೇಳುವಂಥದ್ದಲ್ಲ ಅದು.

ಈ ಹೊತ್ತಿಗೆ ಅಮ್ಮ ಮೂಡಬಿದಿರೆಯಲ್ಲಿ ತಂಗಿಯ ಜೊತೆ ಇದ್ದಳು. ತಂಗಿಗೆ ಪೇಟೆಯಲ್ಲಿ ಹೊಲಿಗೆ ಅಂಗಡಿ, ಮನೆ ಅದರ ಮೇಲೆಯೇ. ಏಳು ಗಂಟೆಗೆ ಮೆಷಿನ್ ನಿಲ್ಲಿಸಿ ಇಬ್ಬರೂ ಟಿವಿ ಎದುರು ಕೂರುತ್ತಿದ್ದರು. ಮೊದಲ ವರ್ಷಗಳಲ್ಲಿ ಅಮ್ಮನಿಗೆ ಕಣ್ಣಿತ್ತು, ನನ್ನನ್ನು ಕಂಡು ಸಂತೋಷಪಡುತ್ತಿದ್ದಳು. ಸ್ವರದ ಬಗ್ಗೆ ಒಮ್ಮೆ ಕೇಳಿದಳು, ನಾನು ವಿವರಿಸಿದೆ, ಅವಳು ಹ್ಞೂಂ ಎಂದಳು. ಆಮೇಲೆ ಅವಳ ಕಣ್ಣಿನ ಬದಿಗಳು ಮಸುಕಾಗತೊಡಗಿದವು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ, ಮಂಗಳೂರಿಗೆ ಕರೆದುಕೊಂಡು ಹೋಗಿ ಎಂದು ಅಲ್ಲಿನ ಡಾಕ್ಟರು ಹೇಳಿದರು. ತಂಗಿ ಫೋನ್ ಮಾಡಿದಳು. "ಅಕ್ಕ, ಅಮ್ಮ ನನ್ನ ಜೊತೆ ಬರುವುದಿಲ್ಲ ಅಂತ ಹಟ ಮಾಡ್ತಾರೆ. ದೊಡ್ಡವಳು ಬರಲಿ, ಅವಳ ಜೊತೆಯೇ ಹೋಗ್ತೇನೆ ಅಂತಾರೆ. ನೀನು ಯಾವಾಗ ಬರ್ತೀ?"

ಆಗ ಧಾರಾವಾಹಿಯಲ್ಲಿ ನನ್ನ ಕಿರಿಮಗನ ಮದುವೆ. ಟಿವಿಯ ಮದುವೆ ಎಂದರೆ ತಿಂಗಳುಗಟ್ಟಲೆ ನಡೆಯುತ್ತದೆ. ಅರಿಶಿನಕ್ಕೆ ಒಂದು ವಾರ, ಬಳೆಗೆ ಒಂದು ವಾರ, ತಾಳಿ ಕಟ್ಟುವ ಹೊತ್ತಿಗೆ ಯಾರೋ ಬಾಗಿಲಲ್ಲಿ ನಿಂತು ನಿಲ್ಲಿಸಿ ಎನ್ನಬೇಕು. ಅತ್ತೆ ಇಲ್ಲದ ಒಂದು ದೃಶ್ಯವೂ ಇರಲಿಲ್ಲ. ಮುಂದಿನ ವಾರ ಬರುತ್ತೇನೆ ಎಂದೆ. ಮುಂದಿನ ವಾರ ಅದನ್ನೇ ಹೇಳಿದೆ. ಎರಡು ತಿಂಗಳು ದಾಟಿದ ಮೇಲೆ ಹೋದೆ. ಮಂಗಳೂರಿನ ಡಾಕ್ಟರು ಅಮ್ಮನ ಕಣ್ಣಿಗೆ ದೀಪ ಹಿಡಿದು ನೋಡಿ, ಸ್ವಲ್ಪ ಮೊದಲು ಬರಬೇಕಿತ್ತು ಎಂದರು. ಹೋದ ದೃಷ್ಟಿ ವಾಪಸು ಬರುವುದಿಲ್ಲ, ಉಳಿದದ್ದೂ ಹೆಚ್ಚು ಕಾಲ ಇರಲಿಕ್ಕಿಲ್ಲ ಎಂದರು. ಹಾಗೆಯೇ ಆಯಿತು. ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಯಾರದ್ದೋ ಸುಳ್ಳು ಮದುವೆಯಲ್ಲಿ ಅಕ್ಷತೆ ಹಾಕುತ್ತ ನಿಂತಿದ್ದೆನಲ್ಲ ಎಂಬ ನಾಚಿಕೆ ನನಗೆ ಈಗಲೂ ಇದೆ.

ಕಣ್ಣು ಪೂರ್ತಿ ಹೋದ ಮೇಲೂ ಅಮ್ಮ ಏಳು ಗಂಟೆಗೆ ಟಿವಿ ಎದುರು ಕೂರುವುದನ್ನು ಬಿಡಲಿಲ್ಲ. ಒಮ್ಮೆ ನಾನು ಊರಿಗೆ ಬಂದಿದ್ದಾಗ ಅವಳ ಪಕ್ಕದಲ್ಲಿ ಕೂತೆ. ಪರದೆಯಲ್ಲಿ ನಾನು ಸೊಸೆಯ ಬಟ್ಟೆಬರೆಯನ್ನು ಹೊರಗೆಸೆಯುತ್ತಿದ್ದೆ. ಅಮ್ಮ ತಲೆ ಓರೆ ಮಾಡಿ ಕೇಳುತ್ತಿದ್ದಳು. "ಈಗ ನೀನು ಇದ್ದೀಯಾ?" ಎಂದು ಕೇಳಿದಳು. ಇದ್ದೇನೆ ಎಂದೆ. "ಎಲ್ಲಿ? ಆ ಹೆಂಗಸು ಮಾತ್ರ ಕೇಳ್ತಾಳೆ." ಸ್ವಲ್ಪ ಹೊತ್ತಿನ ಬಳಿಕ, "ನೀನು ಬಂದಾಗ ನನ್ನ ಕೈ ಒತ್ತು" ಎಂದಳು. ಆ ಅರ್ಧ ಗಂಟೆ ನಾನು ಪರದೆಯ ಮೇಲೆ ಬಂದಾಗಲೆಲ್ಲ ಅವಳ ಕೈ ಒತ್ತಿದೆ. ಕಾಲು ಶತಮಾನ ಬೀಡಿ ಕಟ್ಟಿ ಸವೆದ ಬೆರಳುಗಳು ಅವು. ತಂಗಿ ಆಮೇಲೆ ಅಡುಗೆಮನೆಯಲ್ಲಿ ಹೇಳಿದಳು, "ದಿನಾ ನಾನೇ ಒತ್ತುವುದು ಅಕ್ಕ. ನಿನ್ನ ಸ್ವರ ಒಮ್ಮೆ ಟಿವಿಯಲ್ಲಿ ಕೇಳಬೇಕು ಅಂತ ಯಾವಾಗಲೂ ಹೇಳ್ತಾರೆ. ರೇಡಿಯೊದಲ್ಲಿ ಯಾರ್ಯಾರದ್ದೋ ಸ್ವರ ಗುರ್ತ ಹಿಡಿದೆ, ಮಗಳದ್ದು ಹಿಡಿಯಲಿಕ್ಕೆ ಆಗಲಿಲ್ಲ ಅಂತ."

ನಾನು ಬೆಂಗಳೂರಿಗೆ ಮರಳಿದ ವಾರವೇ ಧಾರಾವಾಹಿ ಮುಗಿಯುತ್ತದೆ ಎಂದು ತಿಳಿಯಿತು. ನೋಡುವವರು ಕಡಿಮೆಯಾಗಿದ್ದರು, ನಮ್ಮ ಏಳು ಗಂಟೆಯನ್ನು ಬೇರೊಂದು ಕಥೆಗೆ ಕೊಡುವುದು ನಿಶ್ಚಯವಾಗಿತ್ತು. ಮೂರು ತಿಂಗಳು ಉಳಿದಿತ್ತು. ಕೊನೆಗೆ ಅತ್ತೆ ಸಾಯುತ್ತಾಳೆ. ನನಗೆ ಅರವತ್ತಾಗುತ್ತ ಬಂದಿತ್ತು, ಇನ್ನೊಂದು ಇಂಥ ಪಾತ್ರ ಸಿಗುವ ಭರವಸೆ ಇರಲಿಲ್ಲ. ಈ ಮೂರು ತಿಂಗಳಲ್ಲಿ ಅಮ್ಮನ ಕಿವಿಗೆ ನನ್ನ ಸ್ವರ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಕಣ್ಣಿನ ವಿಷಯದಲ್ಲಿ ತಡಮಾಡಿದವಳು ಇದರಲ್ಲಾದರೂ ಸಮಯಕ್ಕೆ ಮುಟ್ಟಬೇಕು ಎಂದುಕೊಂಡೆ.

ನಿರ್ದೇಶಕರ ಹತ್ತಿರ ಹೋಗಿ, ಕೊನೆಯ ಸಂಚಿಕೆಗಳಿಗೆ ನಾನೇ ಮಾತಾಡುತ್ತೇನೆ ಎಂದೆ. ಅವರು ತಲೆ ಕೆರೆದುಕೊಂಡರು. "ಅಮ್ಮ, ಏಳು ವರ್ಷ ಕೇಳಿದ ವಾಯ್ಸ್ ಬದಲಾದ್ರೆ ಜನ ಕೇಳಲ್ವಾ? ಅದೂ ನಿಮ್ಮ ಮಂಗಳೂರು ಕನ್ನಡ..." ನಾನು, ಮೈಸೂರಿನವರ ಹಾಗೆಯೇ ಮಾತಾಡಿದರೆ ಆಗಬಹುದೇ ಎಂದು ಕೇಳಿದೆ. ಆಗಬಹುದು ಎಂದರು. ಸಾಧ್ಯವಿಲ್ಲ ಎಂಬ ಧೈರ್ಯದಿಂದ ಹೇಳಿದ್ದಿರಬೇಕು.

ಮೈಸೂರಿನವರ ಮನೆಗೆ ಹೋದೆ. ತಮ್ಮ ಕೆಲಸವನ್ನೇ ಕೇಳಿಕೊಂಡು ಬಂದವಳಿಗೆ ಅವರು ಬಾಗಿಲು ಹಾಕಬಹುದಿತ್ತು. ಅಮ್ಮನ ವಿಷಯ ಕೇಳಿ ಒಳಗೆ ಕರೆದು ಕಾಫಿ ಕೊಟ್ಟರು. ವಾರಕ್ಕೆ ಎರಡು ದಿನ ಪಾಠ. ಅರವತ್ತರ ಹತ್ತಿರದಲ್ಲಿ ನಾನು ಮತ್ತೆ ಒಂದನೇ ಕ್ಲಾಸಿಗೆ ಸೇರಿದೆ. ಇದೆ, ಇದೆ, ಇದೆ. ಮಾಡ್ತೀನಿ, ಬರ್ತೀನಿ, ಹೋಗೋಣ. ಅವರು ಕಲಿಸಿದ್ದರಲ್ಲಿ ಪದಕ್ಕಿಂತ ಮಾತಿನ ಓಟವೇ ಹೆಚ್ಚು. "ನೀವು ಒಂದೊಂದೇ ಮೆಟ್ಟಿಲು ನೋಡ್ಕೊಂಡು ಇಳಿದ ಹಾಗೆ ಮಾತಾಡ್ತೀರ ಅಕ್ಕಾ. ಸ್ವಲ್ಪ ಜಾರಿ." ನಾನು ಜಾರಲು ಕಲಿತೆ. ಅತ್ತೆಯ ಗತ್ತಿಗೆ ಸ್ವರವನ್ನು ಎದೆಯಿಂದ ತೆಗೆಯಲು ಕಲಿತೆ. ಗಂಡನ ಜೊತೆಯೂ ಕನ್ನಡದಲ್ಲೇ ಮಾತಾಡತೊಡಗಿದೆ. ಅವರು ನಾಲ್ಕು ದಿನ ಸಹಿಸಿ, "ಮನೆಗೆ ಯಾರೋ ಅಧಿಕಾರಿ ಬಂದ ಹಾಗೆ ಆಗ್ತದೆ ಮಾರಾಯ್ತಿ" ಎಂದು ಗೊಣಗಿದರು.

ಕೊನೆಯ ಎರಡು ಸಂಚಿಕೆಗಳಿಗೆ ಆ ಕತ್ತಲೆ ಕೋಣೆಯಲ್ಲಿ ನಾನೇ ನಿಂತೆ. ಗಾಜಿನ ಆಚೆ ನಿರ್ದೇಶಕರು, ಅವರ ಪಕ್ಕದಲ್ಲಿ ಮೈಸೂರಿನವರು. ಎರಡು ದಿನ ಮುಗಿದ ಮೇಲೆ ನಿರ್ದೇಶಕರು ಹೊರಗೆ ಬಂದು, "ಅಮ್ಮ, ವ್ಯತ್ಯಾಸನೇ ಗೊತ್ತಾಗ್ತಿಲ್ಲ" ಎಂದರು. ಮೈಸೂರಿನವರು ನನ್ನ ಕೈ ಹಿಡಿದುಕೊಂಡು, "ನನ್ನನ್ನೇ ಕೇಳಿದ ಹಾಗಾಯ್ತು" ಎಂದರು. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಪಟ್ಟದ್ದು ಇಲ್ಲ. ಅವರಿಬ್ಬರೂ ಹೇಳಿದ್ದು ಒಂದೇ ವಿಷಯ, ಅದು ನನಗೆ ಹೆಮ್ಮೆಪಡುವ ವಿಷಯವಲ್ಲ ಎಂಬುದು ಆಗ ಹೊಳೆಯಲಿಲ್ಲ.

ಆ ಎರಡು ಸಂಚಿಕೆಗಳ ಪ್ರಸಾರಕ್ಕೆ ಮೂಡಬಿದಿರೆಗೆ ಬಂದೆ. ಕಲ್ಲಡ್ಕದಲ್ಲಿ ಚಹಾ ಕುಡಿದದ್ದು, ಆ ಹೆಂಗಸು ನನ್ನನ್ನು ನಾನಲ್ಲ ಎಂದದ್ದು ಅದೇ ದಾರಿಯಲ್ಲಿ. ಇನ್ನು ಮೇಲೆ ಹಾಗೆ ಹೇಳುವವರು ಇರುವುದಿಲ್ಲ ಎಂದು ಒಳಗೊಳಗೇ ನಗುತ್ತ ಬಂದಿದ್ದೆ. ಅಮ್ಮನಿಗೆ ಏನೂ ಹೇಳಬಾರದು, ಕೈಯೂ ಒತ್ತಬಾರದು ಎಂದು ತಂಗಿಗೆ ಕಟ್ಟುನಿಟ್ಟು ಮಾಡಿದ್ದೆ. ಏಳು ಗಂಟೆಗೆ ಮೂವರೂ ಕೂತೆವು. ದೃಶ್ಯ ಆಸ್ಪತ್ರೆಯದ್ದು. ಅತ್ತೆಗೆ ತನ್ನ ರೋಗ ಗೊತ್ತಾಗಿದೆ, ಗಂಡನ ಫೋಟೊದ ಎದುರು ಒಬ್ಬಳೇ ಮಾತಾಡುತ್ತಾಳೆ. ಮೂರು ನಿಮಿಷ ನಾನೊಬ್ಬಳೇ, ನನ್ನ ಸ್ವರ ಒಂದೇ. ಅಮ್ಮ ತಲೆ ಓರೆ ಮಾಡಿ ಕೇಳಿದಳು. ನಾನು ಅವಳ ಮುಖ ನೋಡುತ್ತಿದ್ದೆ.

ಜಾಹೀರಾತು ಬಂತು. ಅಮ್ಮ, "ಈ ಹೆಂಗಸು ಇವತ್ತು ಭಾರಿ ಚೆಂದ ಮಾತಾಡಿದಳು" ಎಂದಳು. ಆಮೇಲೆ ತಂಗಿಯ ಕಡೆ ಕೈ ಚಾಚಿ, "ನೀನು ಎಂತ ಕೈ ಒತ್ತಲಿಲ್ಲ? ಇವತ್ತು ಅವಳು ಬರಲೇ ಇಲ್ಲವಾ?" ಎಂದು ಕೇಳಿದಳು.

ತಂಗಿ ನನ್ನನ್ನು ನೋಡಿದಳು. ನನಗೆ ಸಿಟ್ಟು ಬಂತು, ಅಳುವೂ ಬಂತು. "ಅಮ್ಮ, ಅದು ನಾನೇ. ಆ ಸ್ವರ ನನ್ನದೇ" ಎಂದೆ. ಅವಳು ನಂಬಲಿಲ್ಲ. ನಾನು ಪಕ್ಕದಲ್ಲೇ ಕೂತು, ಫೋಟೊದ ಎದುರು ಹೇಳಿದ ಮಾತನ್ನು ಹಾಗೆಯೇ, ಅದೇ ಗತ್ತಿನಲ್ಲಿ ಹೇಳಿ ತೋರಿಸಿದೆ. ಅಮ್ಮ ಬೆಚ್ಚಿ ನನ್ನ ಮೊಣಕೈ ಮುಟ್ಟಿ ನೋಡಿದಳು, ಬೇರೆ ಯಾರೋ ಬಂದು ಕೂತರೇ ಎಂಬ ಹಾಗೆ. ಆಮೇಲೆ ನಕ್ಕಳು. "ಹೌದಾ? ಕನ್ನಡದಲ್ಲಿ ನೀನು ಹೀಗಾ? ನನಗೆ ಹೇಗೆ ಗೊತ್ತಾಗಬೇಕು? ನೀನು ನನ್ನ ಹತ್ತಿರ ಕನ್ನಡ ಮಾತಾಡಿದ್ದು ಯಾವಾಗ?"

ಯಾವಾಗಲೂ ಇಲ್ಲ. ನಮ್ಮಲ್ಲಿ ಕನ್ನಡ ಶಾಲೆಗೆ, ಕಚೇರಿಗೆ, ಬ್ಯಾಂಕಿಗೆ. ಮನೆಯಲ್ಲಿ ತುಳು. ಊರ ತಂಡದ ನಾಟಕ ಕೂಡ ತುಳು. ಅಮ್ಮ ರೇಡಿಯೊದ ಕನ್ನಡವನ್ನು ಚೆನ್ನಾಗಿ ಬಲ್ಲಳು, ಟಿವಿಯ ಕನ್ನಡವನ್ನೂ ಬಲ್ಲಳು, ಮಗಳ ಕನ್ನಡವನ್ನು ಮಾತ್ರ ಕೇಳಿಯೇ ಇರಲಿಲ್ಲ. ಈ ಬರಹದಲ್ಲಿ ಇಲ್ಲಿಯವರೆಗೆ ಅಮ್ಮ ಆಡಿದ ಮಾತುಗಳಲ್ಲಿ ಒಂದನ್ನೂ ಅವಳು ಕನ್ನಡದಲ್ಲಿ ಆಡಲಿಲ್ಲ, ತಂಗಿಯೂ ಆಡಲಿಲ್ಲ. ಓದುವವರಿಗೆ ತಿಳಿಯಲಿ ಎಂದು ನಾನೇ ಕನ್ನಡ ಹಾಕಿದ್ದೇನೆ. ಉಂಟು, ಇದೆ ಎಂದು ಮೂರು ತಿಂಗಳು ನಾಲಿಗೆ ಉಜ್ಜಿಕೊಂಡೆನಲ್ಲ, ಅಮ್ಮನಿಗೆ ಅವೆರಡೂ ಒಂದೇ ಆಗಿದ್ದವು. ಎರಡೂ ನನ್ನದಲ್ಲ. ಅಮ್ಮ ಬಲ್ಲ ನನ್ನ ಸ್ವರ ಯಾವ ಭಾಷೆಯದ್ದು ಎಂಬುದು ಅರವತ್ತರ ಹತ್ತಿರ ಬಂದರೂ ನನಗೆ ಹೊಳೆದಿರಲಿಲ್ಲ.

ಮರುದಿನ ಇಡೀ ಹಗಲು ಮುಖ ಊದಿಸಿಕೊಂಡು ಇದ್ದೆ. ತಂಗಿಯ ಅಂಗಡಿಯಲ್ಲಿ ಗುಂಡಿ ಹೊಲಿದುಕೊಟ್ಟೆ, ಎರಡನ್ನು ತಪ್ಪಾದ ಕಡೆ ಹೊಲಿದೆ. ಅಮ್ಮ ಏನೂ ಆಗದವಳ ಹಾಗೆ ಗಂಜಿ ಕುಡಿದು ಮಲಗಿದ್ದಳು. ಸಂಜೆ ಕೊನೆಯ ಸಂಚಿಕೆ. ಏಳಾಗಲು ಐದು ನಿಮಿಷ ಇರುವಾಗ ನಾನು ರಿಮೋಟ್ ತೆಗೆದುಕೊಂಡು ಟಿವಿಯ ಸ್ವರ ಪೂರ್ತಿ ಇಳಿಸಿದೆ. "ಎಂತ ಮಾಡ್ತೀ ಅಕ್ಕ?" ಎಂದು ತಂಗಿ ಕೇಳಿದಳು. ಸುಮ್ಮನೆ ಕೂರಲು ಹೇಳಿದೆ.

ಚಿತ್ರ ಮಾತ್ರ ಓಡತೊಡಗಿತು. ಬಾಯಿಗಳು ಆಡುತ್ತಿದ್ದವು, ಸದ್ದಿಲ್ಲ. ನಾನು ಅಮ್ಮನ ಪಕ್ಕ ಕೂತು ತುಳುವಿನಲ್ಲಿ ಶುರುಮಾಡಿದೆ. ಮೊದಲು ಡಾಕ್ಟರು ಬಂದರು, ಅವರಿಗೆ ಬಂಟ್ವಾಳದ ತರಕಾರಿಯವನ ಸ್ವರ ಕೊಟ್ಟೆ. ಹಿರಿಮಗ ಬಂದ, ಅವನಿಗೆ ನನ್ನ ಗಂಡನ ಗೊಣಗಾಟ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಂಗಿ ಮೂಗಿನ ಸ್ವರದಲ್ಲಿ ನರ್ಸ್ ಆದಳು, ಯಾರೂ ಕೇಳದೆಯೇ. ಸಾಯುವ ಸಂಚಿಕೆಯನ್ನು ನಾವು ಹಾಸ್ಯ ಮಾಡಿಬಿಟ್ಟೆವು. ಆಮೇಲೆ ನಾನು, ಎಂದರೆ ಅತ್ತೆ, ಕಣ್ಣು ಬಿಟ್ಟೆ. ಅತ್ತೆಯ ಮಾತನ್ನು ನನ್ನದೇ ಸ್ವರದಲ್ಲಿ ಹೇಳಿದೆ. ಅಮ್ಮನ ನಗು ನಿಂತಿತು. ಅವಳು ಟಿವಿ ಕಡೆ ಇಟ್ಟಿದ್ದ ಮುಖವನ್ನು ನನ್ನ ಕಡೆ ತಿರುಗಿಸಿ ಕಣ್ಣು ಮುಚ್ಚಿದಳು.

ಸೊಸೆ ಮಂಚದ ಬಳಿ ಬಂದು ಕೂತಳು. ಇಲ್ಲಿ ನನಗೆ ಒಂದು ದೊಡ್ಡ ಮಾತಿತ್ತು, ಅದನ್ನು ಬೆಂಗಳೂರಿನಲ್ಲಿ ಹದಿಮೂರು ಸಲ ಹೇಳಿದ್ದೆ. "ನಿನ್ನ ಬಾಳಲ್ಲಿ ಕತ್ತಲೆ ತುಂಬಿದವಳು ನಾನು. ನನ್ನನ್ನ ಕ್ಷಮಿಸ್ತೀಯಾ?" ಕನ್ನಡದಲ್ಲಿ ಅದನ್ನು ಹೇಳುವಾಗ ನನಗೆ ಏನೂ ಅನ್ನಿಸಿರಲಿಲ್ಲ, ಸ್ವರ ಎದೆಯಿಂದ ಬರುತ್ತಿದೆಯೇ ಎಂದಷ್ಟೇ ನೋಡಿಕೊಂಡಿದ್ದೆ. ಈಗ ತುಳುವಿನಲ್ಲಿ ಹೇಳಬೇಕಾಗಿ ಬಂದಾಗ ತಡವರಿಸಿದೆ. ನಾವು ಮನೆಯಲ್ಲಿ ಯಾರೂ ಯಾರಿಗೂ ಕ್ಷಮಿಸು ಎಂದವರಲ್ಲ. ಹಾಗೆ ಹೇಳುವ ಮಾತೇ ಬಾಯಿಗೆ ಬರಲಿಲ್ಲ. ಪರದೆಯಲ್ಲಿ ನನ್ನ ತುಟಿ ಆಡಿ ಮುಗಿಯುತ್ತ ಬಂದಿತ್ತು. ಕೈಗೆ ಸಿಕ್ಕಿದ್ದನ್ನು ಹೇಳಿಬಿಟ್ಟೆ. "ಎನ್ನ ತಪ್ಪಾಂಡ್. ಬರೊಡಾಯಿನ ಪೊರ್ತುಗು ಯಾನ್ ಬತ್ತಿಜಿ." ನನ್ನಿಂದ ತಪ್ಪಾಯಿತು, ಬರಬೇಕಾದ ಹೊತ್ತಿಗೆ ನಾನು ಬರಲಿಲ್ಲ.

ಇದು ಅತ್ತೆಯ ಮಾತಲ್ಲ. ಅವಳು ಎಲ್ಲಿಗೂ ಬರಬೇಕಾದವಳಲ್ಲ, ಏಳು ವರ್ಷ ಅದೇ ಮನೆಯಲ್ಲಿ ಕೂತು ಸೊಸೆಯ ಪ್ರಾಣ ತಿಂದವಳು. ತಂಗಿ ತಲೆ ತಗ್ಗಿಸಿದಳು. ನಾನು ರಿಮೋಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಅಮ್ಮ ತಡಕಾಡಿ ನನ್ನ ಕೈ ಹುಡುಕಿ, ಒಮ್ಮೆ ಒತ್ತಿದಳು.

"ಆವಡ್ ಬುಡು" ಎಂದಳು. "ಇತ್ತೆ ಬತ್ತತ್ತಾ."

ಆಗಲಿ ಬಿಡು, ಈಗ ಬಂದೆಯಲ್ಲ. ಪರದೆಯ ಮೇಲೆ ಸೊಸೆ ಅಳುತ್ತ ಏನೋ ಹೇಳುತ್ತಿದ್ದಳು. ಅವಳ ಮಾತಿಗೆ ನಾನು ಸ್ವರ ಕೊಡಲಿಲ್ಲ. ಅದನ್ನು ಅಮ್ಮ ಹೇಳಿ ಆಗಿತ್ತು.